ಹೇಳುವವರು ಕೇಳುವವರು ಇಲ್ಲದ ಹಳಿಗಳು

1861ರಲ್ಲಿ ವರ್ಜೀನಿಯಾದ ರಿಚ್ಮಂಡ್ ಪಟ್ಟಣಕ್ಕೆ ಐದು ಕಂಪನಿಗಳ ರೈಲುಗಳು ಬರುತ್ತಿದ್ದವು. ಒಂದೊಂದಕ್ಕೂ ಅದರದೇ ನಿಲ್ದಾಣ. ಉತ್ತರದ ಫ್ರೆಡರಿಕ್ಸ್‌ಬರ್ಗ್ ಕಡೆಯಿಂದ ಬಂದ ಹಿಟ್ಟಿನ ಪೀಪಾಯಿ ದಕ್ಷಿಣದ ಪೀಟರ್ಸ್‌ಬರ್ಗಿಗೆ ಹೋಗಬೇಕಾದರೆ ಬೋಗಿಯಿಂದಿಳಿದು, ಕುದುರೆಗಾಡಿ ಹತ್ತಿ, ಪೇಟೆಬೀದಿ ದಾಟಿ, ಇನ್ನೊಂದು ಕಂಪನಿಯ ನಿಲ್ದಾಣದಲ್ಲಿ ಮತ್ತೆ ಬೋಗಿ ಹತ್ತಬೇಕಿತ್ತು. 22 ಮೈಲಿ ಆಚೆಯ ಪೀಟರ್ಸ್‌ಬರ್ಗಿನಲ್ಲೂ ಅದೇ ಪೀಪಾಯಿಗೆ ಅದೇ ಪಾಡು. ಜಾರ್ಜಿಯಾದ ಅಗಸ್ಟಾದಲ್ಲಿ, ಸವಾನ್ನಾದಲ್ಲಿ ಬೇರೆ ಬೇರೆ ಕಂಪನಿಗಳ ಹಳಿಗಳು ಕಣ್ಣಳತೆಯ ದೂರದಲ್ಲೇ ಇದ್ದೂ ಕೂಡುತ್ತಿರಲಿಲ್ಲ. ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ನಿನಲ್ಲಿ ಎರಡು ರೈಲು ಹಾದಿಗಳ ನಡುವೆ ಕೇಪ್ ಫಿಯರ್ ನದಿಯೇ ಅಡ್ಡ. ಸೇತುವೆಯಿಲ್ಲ, ದೋಣಿಯಲ್ಲಿ ದಾಟಿಸಬೇಕು.

ಇದು ಯಾರ ಮರೆವಿನಿಂದಲೂ ಆದದ್ದಲ್ಲ. ಹಳಿ ಕೂಡಿದರೆ ಗಾಡಿ ಹೊಡೆಯುವವರ ಬಾಡಿಗೆ ತಪ್ಪುತ್ತದೆ. ರಾತ್ರಿ ತಂಗಬೇಕಾದ ಪ್ರಯಾಣಿಕ ಇಳಿಯದೆ ಮುಂದೆ ಹೋದರೆ ಹೋಟೆಲಿನವರಿಗೆ ನಷ್ಟ. ಹೀಗಾಗಿ ಕೂಡುಹಳಿಯ ಮಾತೆತ್ತಿದಾಗಲೆಲ್ಲ ಊರಿನ ಪ್ರಮುಖರು ಅಡ್ಡ ಬಂದಿದ್ದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ದಕ್ಷಿಣದ ಹನ್ನೊಂದು ರಾಜ್ಯಗಳು ಅಮೆರಿಕದ ಒಕ್ಕೂಟದಿಂದ ಸಿಡಿದು, ಕಾನ್ಫೆಡರಸಿ ಎಂಬ ತಮ್ಮದೇ ಸರ್ಕಾರ ಕಟ್ಟಿಕೊಂಡು, ಇದೇ ರಿಚ್ಮಂಡನ್ನು ರಾಜಧಾನಿ ಮಾಡಿಕೊಂಡಾಗ ಪರಿಸ್ಥಿತಿ ಹೀಗಿತ್ತು. ಶತ್ರುವಿನ ರಾಜಧಾನಿ ವಾಷಿಂಗ್ಟನ್ ಅಲ್ಲಿಂದ ನೂರು ಮೈಲಿ. ಆಗ ವರ್ಜೀನಿಯಾದ ಪಡೆಗಳ ಹೊಣೆ ಹೊತ್ತಿದ್ದ ರಾಬರ್ಟ್ ಲೀ, 1861ರ ಜೂನ್‌ನಲ್ಲೇ ಈ ಹಳಿಗಳನ್ನು ಮೊದಲು ಕೂಡಿಸಿ ಎಂದು ಒತ್ತಾಯಿಸಿದ. ಯುದ್ಧದ ಬಿಸಿ ತಾಕಿದ ಮೇಲೆ ರಿಚ್ಮಂಡ್, ಪೀಟರ್ಸ್‌ಬರ್ಗ್ ಎರಡು ಊರುಗಳಲ್ಲೇನೋ ಕೂಡುಹಳಿ ಬಿತ್ತು. ಉಳಿದದ್ದು ನಾಲ್ಕು ವರ್ಷದ ಗೋಳು.

ಈ ಯುದ್ಧದ ಕಥೆಗಳಲ್ಲಿ ಸೇನಾಪತಿಗಳ ಕುದುರೆಗಳಿಗೆ ಸಿಕ್ಕಷ್ಟು ಜಾಗ ಗೂಡ್ಸ್ ಗಾಡಿಗಳಿಗೆ ಸಿಕ್ಕಿಲ್ಲ. ಆದರೆ ಲೀಯ ಸೈನಿಕ ತಿನ್ನುತ್ತಿದ್ದ ಮೆಕ್ಕೆಜೋಳ ಅವನ ಸುತ್ತಮುತ್ತ ಬೆಳೆಯುತ್ತಿರಲಿಲ್ಲ. ಉತ್ತರ ವರ್ಜೀನಿಯಾವನ್ನು ಎರಡೂ ಸೈನ್ಯಗಳು ಮೊದಲ ಎರಡು ವರ್ಷಗಳಲ್ಲೇ ಬರಿದು ಮಾಡಿದ್ದವು. ಅಲ್ಲಿಂದ ಮುಂದೆ ಊಟ ಬರಬೇಕಾದದ್ದು ನೂರಾರು ಮೈಲಿ ದೂರದ ಕ್ಯಾರೊಲಿನಾ, ಜಾರ್ಜಿಯಾಗಳಿಂದ, ಬರಬೇಕಾದದ್ದು ರೈಲಿನಲ್ಲಿ.

ಯುದ್ಧ ಶುರುವಾದಾಗ ಇಡೀ ದೇಶದಲ್ಲಿದ್ದ ಹಳಿ ಸುಮಾರು 30,000 ಮೈಲಿ. ಅದರಲ್ಲಿ ದಕ್ಷಿಣದ ಪಾಲು ಸುಮಾರು 9,000. ಈ ಅಂಕಿ ಹೇಳಿ, ಸೋಲು ಮೊದಲೇ ಬರೆದಿಟ್ಟಿತ್ತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 9,000 ಮೈಲಿ ಎಂದರೆ ಆಗಿನ ಫ್ರಾನ್ಸಿನಲ್ಲಿದ್ದ ಹಳಿಗಿಂತ ಹೆಚ್ಚು. ತೊಡಕಿದ್ದದ್ದು ಅದನ್ನು ಯಾರು, ಯಾವುದಕ್ಕಾಗಿ ಹಾಕಿದ್ದರು ಎಂಬುದರಲ್ಲಿ. ನೂರಕ್ಕೂ ಹೆಚ್ಚು ಕಂಪನಿಗಳು. ಬಹುತೇಕಕ್ಕೆ ನೂರು ಮೈಲಿಯೂ ಇಲ್ಲದ ತುಂಡು ಹಾದಿ. ಬಹುಪಾಲು ಹಾದಿಗಳ ಕೆಲಸ ಒಂದೇ: ಒಳನಾಡಿನ ಹತ್ತಿಯನ್ನು ಹತ್ತಿರದ ಬಂದರಿಗೋ ನದಿಯ ಕಟ್ಟೆಗೋ ಇಳಿಸುವುದು. 1833ರಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ಹ್ಯಾಂಬರ್ಗಿನವರೆಗೆ ಹಾಕಿದ 136 ಮೈಲಿಯ ಹಾದಿ ಆಗ ಜಗತ್ತಿನಲ್ಲೇ ಉದ್ದನೆಯದು, ಅದೂ ಹತ್ತಿಗಾಗಿಯೇ. ಊರಿನಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಉದ್ದನೆಯ ದಾರಿ ಯಾರಿಗೂ ಬೇಕಿರಲಿಲ್ಲ. ಮಣ್ಣು ಕಡಿದು, ಮರ ಉರುಳಿಸಿ ಈ ಹಾದಿಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಗುಲಾಮರು. ಕೆಲವು ಕಂಪನಿಗಳು ಅವರನ್ನು ಕೊಂಡಿದ್ದವು, ಉಳಿದವು ಒಡೆಯರಿಂದ ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಿದ್ದವು.

ಉತ್ತರದ ನೌಕಾಪಡೆ ಈ ಬಂದರುಗಳನ್ನು ಮುಚ್ಚಿದಾಗ ಹತ್ತಿಯ ಕೊರತೆ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳನ್ನು ಮುಟ್ಟಿತು. ಅಲ್ಲಿಂದ ಅದರ ಬಿಸಿ ನಮ್ಮ ಧಾರವಾಡಕ್ಕೂ ಬಂತು. 1840ರ ದಶಕದಲ್ಲೇ ಅಮೆರಿಕದ ಹತ್ತಿಬೀಜ ತಂದು ಬಿತ್ತಿದ್ದ ಧಾರವಾಡ ಸೀಮೆಯ ಹತ್ತಿಗೆ ಯುದ್ಧದ ವರ್ಷಗಳಲ್ಲಿ ಎಂದೂ ಕಾಣದ ಬೆಲೆ ಬಂತು. ಅಲ್ಲಿಯೂ ಎದುರಾದದ್ದು ಸಾಗಾಟದ್ದೇ ಪ್ರಶ್ನೆ. ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಬೇಕಿತ್ತು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಲೆಕ್ಕಾಚಾರದಲ್ಲಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಜಿಲ್ಲೆಯ ಆಡಳಿತದ ಗಡಿ ಬದಲಾದದ್ದರ ಹಿಂದೆ ಅಮೆರಿಕದ ಮುಚ್ಚಿದ ಬಂದರುಗಳೂ ಇದ್ದವು.

ಮತ್ತೆ ದಕ್ಷಿಣದ ಹಳಿಗಳಿಗೆ ಬರೋಣ. ಜಾರ್ಜಿಯಾ, ಅಲಬಾಮಾ, ಸೌತ್ ಕ್ಯಾರೊಲಿನಾಗಳಲ್ಲಿ ಎರಡು ಕಂಬಿಗಳ ನಡುವಿನ ಅಗಲ ಬಹುಮಟ್ಟಿಗೆ 5 ಅಡಿ. ನಾರ್ತ್ ಕ್ಯಾರೊಲಿನಾದಲ್ಲಿ 4 ಅಡಿ 8.5 ಇಂಚು. ವರ್ಜೀನಿಯಾದಲ್ಲಿ ಎರಡೂ ಉಂಟು. ಮೂರೂವರೆ ಇಂಚಿನ ವ್ಯತ್ಯಾಸ; ಮೀಟರ್ ಗೇಜ್ ಮತ್ತು ಬ್ರಾಡ್ ಗೇಜ್ ಕೂಡುವ ಜಂಕ್ಷನ್ನಿನಲ್ಲಿ ಮೂಟೆಗಳನ್ನು ಈ ರೈಲಿನಿಂದ ಆ ರೈಲಿಗೆ ಹೊರಿಸಿದ್ದನ್ನು ಕಂಡವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಗೇಜ್ ಒಂದೇ ಇದ್ದಲ್ಲೂ ಕಂಪನಿಗಳು ತಮ್ಮ ಬೋಗಿಯನ್ನು ಪಕ್ಕದವರ ಹಾದಿಗೆ ಬಿಡಲು ಒಲ್ಲವು. ಹೋದ ಬೋಗಿ ತಿರುಗಿ ಬಾರದು ಎಂಬ ಅಂಜಿಕೆ. ಅದು ಸುಳ್ಳೂ ಅಲ್ಲ: ಸೇನಾಧಿಕಾರಿಗಳು ಬಂದ ಬೋಗಿಯನ್ನು ಖಾಲಿ ಮಾಡದೆ ಅದನ್ನೇ ಉಗ್ರಾಣ ಮಾಡಿಕೊಂಡು ವಾರಗಟ್ಟಲೆ ನಿಲ್ಲಿಸುತ್ತಿದ್ದರು. ಆ ಕಾಲದ ಒಂದು ಬೋಗಿಗೆ ಹಿಡಿಯುತ್ತಿದ್ದದ್ದು ಎಂಟು ಟನ್ನಿನ ಆಸುಪಾಸು. ಜಾರ್ಜಿಯಾದಲ್ಲಿ ಹೇರಿದ ಜೋಳದ ಚೀಲ ರಿಚ್ಮಂಡ್ ತಲುಪುವಷ್ಟರಲ್ಲಿ ಹಲವು ಬಾರಿ ಇಳಿದು ಹತ್ತುತ್ತಿತ್ತು. ಪ್ರತಿ ಸಲವೂ ಒಂದಿಷ್ಟು ನೆನೆಯುತ್ತಿತ್ತು, ಒಂದಿಷ್ಟು ಸೋರುತ್ತಿತ್ತು, ಒಂದಿಷ್ಟು ಕಳುವಾಗುತ್ತಿತ್ತು.

ಹಳಿಯೇ ಇಲ್ಲದ ಎಡೆಗಳೂ ಇದ್ದವು. ವರ್ಜೀನಿಯಾದ ಡ್ಯಾನ್ವಿಲ್‌ನಿಂದ ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋವರೆಗೆ 48 ಮೈಲಿ ಹಳಿ ಹಾಕಿದ್ದರೆ ಕಡಲತೀರದಿಂದ ದೂರದಲ್ಲಿ, ಶತ್ರುವಿನ ಕೈಗೆ ಸಿಗದ ಒಳದಾರಿಯೊಂದು ಸಿದ್ಧವಾಗುತ್ತಿತ್ತು. ಅಧ್ಯಕ್ಷ ಜೆಫರ್ಸನ್ ಡೇವಿಸ್ 1861ರ ನವೆಂಬರಿನಲ್ಲೇ ಇದನ್ನು ಸಂಸತ್ತಿಗೆ ಹೇಳಿದ. 1862ರ ಫೆಬ್ರವರಿಯಲ್ಲಿ ಹತ್ತು ಲಕ್ಷ ಡಾಲರಿನ ಸಾಲಪತ್ರ ಮಂಜೂರಾಯಿತು. ಆದರೆ ನಾರ್ತ್ ಕ್ಯಾರೊಲಿನಾದವರಿಗೆ ತಮ್ಮ ವ್ಯಾಪಾರ ವರ್ಜೀನಿಯಾದ ಪೇಟೆಗಳಿಗೆ ಹರಿದುಹೋದೀತೆಂಬ ಹೆದರಿಕೆ. ಹಳಿ ನಮ್ಮ ಗೇಜಿನಲ್ಲೇ ಇರಬೇಕು ಎಂದು ಹಟ ಹಿಡಿದರು. ಕೂಲಿಗೆ ಗುಲಾಮರನ್ನು ಕೊಡಲು ಒಡೆಯರು ಒಪ್ಪಲಿಲ್ಲ. ಕಂಬಿಗಾಗಿ ಬೇರೆ ಹಾದಿಗಳನ್ನು ಕಿತ್ತು ತರಬೇಕಾಯಿತು. 48 ಮೈಲಿಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿದು ಮೊದಲ ರೈಲು ಓಡಿದ್ದು 1864ರ ಮೇ ತಿಂಗಳಲ್ಲಿ. ಆಗಲೂ ಡ್ಯಾನ್ವಿಲ್‌ನಲ್ಲಿ ಗೇಜ್ ಬದಲು, ಮೂಟೆ ಬದಲು. ಪಶ್ಚಿಮದಲ್ಲಿ ಅಲಬಾಮಾದ ಸೆಲ್ಮಾದಿಂದ ಮಿಸಿಸಿಪ್ಪಿಯ ಮೆರಿಡಿಯನ್ ಕಡೆಗಿನ ಕೊಂಡಿ 1862ರ ಕೊನೆಗೆ ಹೆಚ್ಚುಕಡಿಮೆ ಮುಗಿಯಿತು. ಟಾಂಬಿಗ್ಬಿ ನದಿಯನ್ನು ಮಾತ್ರ ದೋಣಿಯಲ್ಲೇ ದಾಟಬೇಕಿತ್ತು.

ಇಷ್ಟೆಲ್ಲ ನೋಡಿಕೊಳ್ಳಲು ಒಬ್ಬ ಬೇಕಲ್ಲ? ಆ ಕುರ್ಚಿಯ ಕಥೆಯೇ ಇಡೀ ಸಮಸ್ಯೆಯ ಕಥೆ.

1861ರ ಏಪ್ರಿಲ್‌ನಲ್ಲಿ ಮಾಂಟ್ಗಮರಿಯಲ್ಲಿ ಸೇರಿದ ರೈಲು ಕಂಪನಿಗಳ ಅಧ್ಯಕ್ಷರು ಭಾರಿ ಉತ್ಸಾಹದಲ್ಲಿದ್ದರು. ಸೈನಿಕನೊಬ್ಬನಿಗೆ ಮೈಲಿಗೆ ಎರಡು ಸೆಂಟ್, ಸರ್ಕಾರಿ ಸರಕಿಗೆ ಮಾಮೂಲು ದರದ ಅರ್ಧ, ಬೇಕಾದರೆ ಹಣದ ಬದಲು ಸರ್ಕಾರದ ಸಾಲಪತ್ರವೂ ಆದೀತು ಎಂದು ಒಪ್ಪಿಕೊಂಡರು. ಯುದ್ಧ ಕೆಲವು ತಿಂಗಳಲ್ಲಿ ಮುಗಿಯುತ್ತದೆಂದು ಎಲ್ಲರೂ ನಂಬಿದ್ದ ದಿನಗಳವು. ಬೆಲೆಗಳು ಏರತೊಡಗಿ ಕಾಗದದ ಹಣ ಕರಗತೊಡಗಿದಾಗ ಲೆಕ್ಕ ಬದಲಾಯಿತು. ಸರ್ಕಾರಿ ಜೋಳಕ್ಕೆ ಅರ್ಧ ದರ. ವ್ಯಾಪಾರಿಯ ಮೂಟೆಗೆ ಪೂರ್ತಿ ದರ, ಕೆಲವೊಮ್ಮೆ ಅದಕ್ಕಿಂತಲೂ ಮೇಲೆ. ಬೋಗಿ ಯಾರಿಗೆ ಸಿಗುತ್ತದೆ? ಎಕ್ಸ್‌ಪ್ರೆಸ್ ಸಾಗಾಟದ ಕಂಪನಿಯ ಪೆಟ್ಟಿಗೆಗಳು ಪ್ಯಾಸೆಂಜರ್ ರೈಲಿನಲ್ಲಿ ಮುಂದೆ ಹೋಗುತ್ತಿದ್ದವು. ಸೈನ್ಯದ ಮೂಟೆಗಳು ನಿಲ್ದಾಣದ ಬಯಲಲ್ಲಿ ಮಳೆ ನೋಡುತ್ತಿದ್ದವು. ನಿಲ್ದಾಣದ ಗುಮಾಸ್ತರಿಗೆ ಕೈಬೆಚ್ಚಗೆ ಮಾಡಿದ ವ್ಯಾಪಾರಿ ಎಂದೂ ಕಾಯಲಿಲ್ಲ.

ಮೊದಲು ಈ ಹೊಣೆ ಹೊತ್ತವನು ವಿಲಿಯಂ ಆಶ್. ವಿಲ್ಮಿಂಗ್ಟನ್ ಮತ್ತು ವೆಲ್ಡನ್ ರೈಲು ಕಂಪನಿಯ ಅಧ್ಯಕ್ಷ, ಅನುಭವಿ. 1861ರ ಜುಲೈನಲ್ಲಿ ಮೇಜರ್ ಪದವಿ ಕೊಟ್ಟು ವರ್ಜೀನಿಯಾದ ಸೇನಾ ಸಾಗಾಟ ನೋಡಿಕೋ ಎಂದರು. ಅಧಿಕಾರ ಮಾತ್ರ ಕೇಳಿಕೊಳ್ಳುವಷ್ಟೇ, ಆಜ್ಞೆ ಮಾಡುವಷ್ಟಿಲ್ಲ. ಒಂದು ವರ್ಷ ತುಂಬುವ ಮೊದಲೇ ಬಿಟ್ಟುಹೋದ. 1862ರ ಸೆಪ್ಟೆಂಬರಿನಲ್ಲಿ ಆಶ್ ತನ್ನದೇ ಹಾದಿಯ ಮೇಲೆ, ಕೈಗಾಡಿಯಲ್ಲಿ ಹೋಗುತ್ತಿದ್ದಾಗ ರೈಲು ಬಡಿದು ಸತ್ತ.

ಎರಡನೆಯವನು ವಿಲಿಯಂ ವಾಡ್ಲಿ. ಹುಟ್ಟಿದ್ದು ಉತ್ತರದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಕಮ್ಮಾರನಾಗಿ ಜಾರ್ಜಿಯಾಕ್ಕೆ ಬಂದು ರೈಲ್ವೆಯಲ್ಲಿ ಮೇಲೇರಿದವನು. ಹಳಿ, ಎಂಜಿನ್, ಲೆಕ್ಕಪತ್ರ ಮೂರೂ ಬಲ್ಲವನು. 1862ರ ಡಿಸೆಂಬರ್ 3ರಂದು ಕರ್ನಲ್ ಪದವಿಯೊಡನೆ ಎಲ್ಲ ರೈಲುಗಳ ಮೇಲ್ವಿಚಾರಣೆ ಅವನ ಪಾಲಿಗೆ ಬಂತು. ಅದೇ ತಿಂಗಳು ಅಗಸ್ಟಾದಲ್ಲಿ ಕಂಪನಿಗಳನ್ನು ಕೂಡಿಸಿ, ಬೋಗಿಗಳನ್ನು ಹಂಚಿಕೊಂಡು ಒಂದೇ ವೇಳಾಪಟ್ಟಿಯಲ್ಲಿ ಓಡಿಸೋಣ ಎಂಬ ದಾರಿ ತೋರಿಸಿದ. ಅವರು ದರ ಏರಿಸುವ ಮಾತಿಗೆ ಒಪ್ಪಿಕೊಂಡರು, ಉಳಿದದ್ದಕ್ಕೆ ತಲೆಯಾಡಿಸಿ ಎದ್ದರು. ಮುಂದಿನ ವರ್ಷ ಸೆನೆಟ್ ಅವನ ನೇಮಕವನ್ನೇ ಒಪ್ಪಲಿಲ್ಲ. ಬಲ್ಲವನೊಬ್ಬ ಸಿಕ್ಕಿದ್ದ, ಅವನನ್ನೂ ಕಳೆದುಕೊಂಡರು. ಮೂರನೆಯವನಾಗಿ ಬಂದ ಫ್ರೆಡರಿಕ್ ಸಿಮ್ಸ್ ಕೊನೆಯವರೆಗೂ ರೈಲು ವಿಭಾಗ ನಡೆಸಿದ; ಕಾಗದ ಬರೆದು, ಕೈಮುಗಿದು, ಗದರಿಸಿ, ಸಾಧ್ಯವಾದಷ್ಟು ಮಾಡಿದ.

ಕಾನೂನೇ ಇರಲಿಲ್ಲವೆಂದಲ್ಲ. 1863ರ ಮೇ 1ರ ಕಾಯ್ದೆ, ಮಾತು ಕೇಳದ ಕಂಪನಿಯ ಬೋಗಿ, ಎಂಜಿನ್‌ಗಳನ್ನು ವಶಪಡಿಸಿಕೊಳ್ಳುವ ಅಧಿಕಾರ ಕೊಟ್ಟಿತು. ಅದನ್ನು ಬಳಸಿದ್ದು ಬಲು ಕಡಿಮೆ. ಇಲ್ಲೇ ನೋಡಬೇಕು ಈ ಸರ್ಕಾರದ ಸ್ವಭಾವ. 1862ರ ಏಪ್ರಿಲ್‌ನಲ್ಲಿ ಅದು ಬಿಳಿಯ ಗಂಡಸರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆದಿತ್ತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ಸರ್ಕಾರ ಅದೇ. 1863ರ ಏಪ್ರಿಲ್‌ನಲ್ಲಿ ರೈತರ ಬೆಳೆಯಲ್ಲಿ ಹತ್ತನೆಯ ಒಂದು ಪಾಲನ್ನು ತೆರಿಗೆಯಾಗಿ ಕಿತ್ತುಕೊಂಡಿತು. ಕೋಟೆ ಕಟ್ಟಲು ಗುಲಾಮರನ್ನು ಹಿಡಿದು ತರುತ್ತಿತ್ತು. ಬಡವನ ಮಗ, ರೈತನ ಜೋಳ, ಗುಲಾಮನ ಬೆನ್ನು ಇವನ್ನೆಲ್ಲ ಮುಟ್ಟಲು ಹಿಂಜರಿಯದ ಕೈ ರೈಲು ಕಂಪನಿಯ ಷೇರುದಾರನ ಮುಂದೆ ಮಾತ್ರ ಮೆತ್ತಗಾಯಿತು. ರಾಜ್ಯಗಳ ಹಕ್ಕು, ಖಾಸಗಿ ಆಸ್ತಿಯ ಪಾವಿತ್ರ್ಯ ಎಂಬ ಮಾತುಗಳು ಆಗ ನೆನಪಾಗುತ್ತಿದ್ದವು. ಆ ಕಡೆ ಉತ್ತರದಲ್ಲಿ 1862ರ ಜನವರಿ 31ರಂದೇ ಅಧ್ಯಕ್ಷ ಲಿಂಕನ್ ಕೈಗೆ ರೈಲುಗಳನ್ನು ವಶಪಡಿಸಿಕೊಳ್ಳುವ ಅಧಿಕಾರ ಬಂದಿತ್ತು. ಆ ಅಧಿಕಾರ ಇದೆ ಎಂಬುದೇ ಕಂಪನಿಗಳನ್ನು ದಾರಿಗೆ ತರಲು ಸಾಕಾಯಿತು.

ಹತ್ತನೆಯ ಪಾಲಿನ ಜೋಳದ ಗತಿ ಏನಾಯಿತು? ರೈತರು ತಂದು ಸುರಿದರು. ಒಯ್ಯಲು ಬೋಗಿ ಬರಲಿಲ್ಲ. ದಕ್ಷಿಣದ ಡಿಪೊಗಳಲ್ಲಿ ರಾಶಿಗಳು ಮುಗ್ಗಿ ಕೊಳೆತವು. ಅದೇ ವರ್ಷ ಏಪ್ರಿಲ್ 2ರಂದು ರಿಚ್ಮಂಡಿನ ಹೆಂಗಸರು ರೊಟ್ಟಿಗಾಗಿ ಬೀದಿಗಿಳಿದು ಅಂಗಡಿಗಳನ್ನು ಒಡೆದಿದ್ದರು.

ಹಳಿಗಳ ಮೈಯೂ ಸವೆಯುತ್ತಿತ್ತು. ಆ ಕಾಲದ ಕಂಬಿ ಉಕ್ಕಿನದಲ್ಲ, ಬಡಿದ ಕಬ್ಬಿಣದ್ದು. ಸತತ ಓಡಾಟಕ್ಕೆ ಪದರ ಪದರವಾಗಿ ಸಿಪ್ಪೆ ಏಳುತ್ತಿತ್ತು. ಶಾಂತಿಕಾಲದಲ್ಲಿ ಹೊಸ ಕಂಬಿ ಉತ್ತರದಿಂದಲೋ ಇಂಗ್ಲೆಂಡಿನಿಂದಲೋ ಬರುತ್ತಿತ್ತು. ಈಗ ಎರಡೂ ಬಾಗಿಲು ಮುಚ್ಚಿದವು. ರಿಚ್ಮಂಡಿನ ಟ್ರೆಡೆಗರ್ ಕಾರ್ಖಾನೆಗೆ ಫಿರಂಗಿ ಎರಕ ಹೊಯ್ಯುವುದೇ ಕೆಲಸ; ಯುದ್ಧದುದ್ದಕ್ಕೂ ಸುಮಾರು 1,100 ಫಿರಂಗಿಗಳನ್ನು ಅದು ಕೊಟ್ಟಿತು. ಕಂಬಿ ಮಾಡಲು ಪುರುಸೊತ್ತೆಲ್ಲಿ? ಮೇಲಾಗಿ ನೌಕಾಪಡೆಗೆ ಕಬ್ಬಿಣದ ಕವಚದ ಹಡಗುಗಳ ಹುಚ್ಚು ಹಿಡಿದಿತ್ತು. ಹಳೆಯ ಕಂಬಿ ಕರಗಿಸಿ ಹಡಗಿನ ಕವಚ ಮಾಡುತ್ತಿದ್ದರು. ಬಂದರು ಕಾಯುತ್ತ ನಿಂತಲ್ಲೇ ನಿಂತ ಹಡಗಿಗೆ ಹೋದ ಕಬ್ಬಿಣ, ದಿನವೂ ಓಡಬೇಕಾದ ರೈಲಿನ ಬಾಯಿಂದ ಕಿತ್ತದ್ದು. ನನ್ನ ಮಟ್ಟಿಗೆ ಆ ಸರ್ಕಾರದ ಅತಿ ದುಬಾರಿ ತಪ್ಪುಗಳಲ್ಲಿ ಇದೂ ಒಂದು.

1863ರ ಜನವರಿಯಲ್ಲಿ ಕಬ್ಬಿಣದ ಆಯೋಗವೊಂದನ್ನು ನೇಮಿಸಿದರು. ಅಷ್ಟು ಮುಖ್ಯವಲ್ಲದ ಹಾದಿಗಳ ಕಂಬಿ ಕಿತ್ತು ಮುಖ್ಯ ಹಾದಿಗಳಿಗೆ ಹಾಕುವುದು ಅದರ ಕೆಲಸ. ಯಾರ ಹಾದಿ ಮುಖ್ಯವಲ್ಲ? ತನ್ನದು ಎಂದು ಒಪ್ಪುವವರಾರೂ ಇರಲಿಲ್ಲ. ಫ್ಲೋರಿಡಾ ರೈಲ್‌ರೋಡಿನ ಒಡೆಯ ಡೇವಿಡ್ ಯೂಲಿ, ಹಿಂದೆ ಅಮೆರಿಕದ ಸೆನೆಟರ್ ಆಗಿದ್ದವನು, ತನ್ನ ಕಂಬಿ ಮುಟ್ಟದಂತೆ ರಾಜ್ಯದ ನ್ಯಾಯಾಲಯದಿಂದ ತಡೆಯಾಜ್ಞೆ ತಂದ. ದೇಶ ಮುಳುಗುತ್ತಿದ್ದಾಗ ಕಂಬಿಯ ದಾವೆ ನಡೆಯುತ್ತಿತ್ತು.

ಎಂಜಿನ್‌ಗಳದೂ ಅಷ್ಟೇ. 1861ರಲ್ಲಿ ದಕ್ಷಿಣದ ಸೇನಾಪತಿ ಸ್ಟೋನ್‌ವಾಲ್ ಜಾಕ್ಸನ್ನನ ಪಡೆ ಉತ್ತರದ ಬಾಲ್ಟಿಮೋರ್ ಮತ್ತು ಓಹಿಯೋ ರೈಲ್ವೆಯ ಎಂಜಿನ್‌ಗಳನ್ನು ಮಾರ್ಟಿನ್ಸ್‌ಬರ್ಗಿನಲ್ಲಿ ಹಿಡಿದಾಗ, ಹತ್ತಕ್ಕೂ ಹೆಚ್ಚು ಎಂಜಿನ್‌ಗಳನ್ನು ಬಿಚ್ಚಿ, ಕುದುರೆ ಹೂಡಿ, ಗಾಡಿರಸ್ತೆಯ ಮೇಲೆ 38 ಮೈಲಿ ದೂರದ ಸ್ಟ್ರಾಸ್‌ಬರ್ಗಿಗೆ ಎಳೆಸಿದರು. ಕುದುರೆಗಳು ರೈಲು ಎಂಜಿನ್ನನ್ನು ಎಳೆದ ಆ ಸಾಹಸವನ್ನು ಮೆಚ್ಚಬೇಕು. ಆದರೆ ಒಡೆದ ಚಕ್ರ, ಸವೆದ ಆಕ್ಸಲ್‌ಗಳಿಗೆ ಬದಲಿ ಸಿಗುತ್ತಿರಲಿಲ್ಲ. ರಿಪೇರಿ ಬಲ್ಲ ಕೆಲಸಗಾರರಲ್ಲಿ ಉತ್ತರದಿಂದ ಬಂದವರು ಊರಿಗೆ ಮರಳಿದ್ದರು. ಉಳಿದವರ ಮೇಲೆ ಸೈನ್ಯದ ಕಣ್ಣು; 1864ರ ಕಾನೂನಿನ ಪ್ರಕಾರ ಒಂದು ಮೈಲಿ ಹಾದಿಗೆ ಒಬ್ಬನಿಗೆ ಮಾತ್ರ ಸೈನ್ಯದಿಂದ ವಿನಾಯಿತಿ. ಎಂಜಿನ್ನಿಗೆ ಬೇಕಾದ ಸೌದೆ ಒಡೆಯಲೂ ಆಳಿಲ್ಲದೆ ರೈಲು ನಿಂತ ದಿನಗಳಿದ್ದವು. ಗೂಡ್ಸ್ ಗಾಡಿಯ ವೇಗ ತಾಸಿಗೆ ಹತ್ತು ಮೈಲಿಗೆ ಇಳಿಯಿತು.

ಇಂಥ ಹಳಿಗಳ ಮೇಲೆಯೇ ಅವರು ದೊಡ್ಡ ಕೆಲಸಗಳನ್ನೂ ಮಾಡಿದರು ಎಂಬುದನ್ನು ಮರೆಯಬಾರದು. 1862ರ ಜುಲೈನಲ್ಲಿ ದಕ್ಷಿಣದ ಸೇನಾಪತಿ ಬ್ರ್ಯಾಗ್ ತನ್ನ ಕಾಲಾಳುಗಳನ್ನು ಮಿಸಿಸಿಪ್ಪಿಯ ಟುಪೆಲೋದಿಂದ ಮೊಬೈಲ್ ಬಂದರು ಸುತ್ತಿಸಿ 776 ಮೈಲಿ ದೂರದ ಚಾಟನೂಗಾಕ್ಕೆ ತಂದ. ನೇರ ಹಾದಿಯಾದ ಮೆಂಫಿಸ್–ಚಾರ್ಲ್ಸ್‌ಟನ್ ರೈಲು ಅಷ್ಟರಲ್ಲೇ ಶತ್ರುವಿನ ಕೈ ಸೇರಿತ್ತು. 1863ರ ಸೆಪ್ಟೆಂಬರಿನಲ್ಲಿ ಲೀಯ ಕೈಕೆಳಗಿನ ಸೇನಾಪತಿ ಲಾಂಗ್‌ಸ್ಟ್ರೀಟನ ಸುಮಾರು 12,000 ಜನರನ್ನು ವರ್ಜೀನಿಯಾದಿಂದ ಜಾರ್ಜಿಯಾದ ಚಿಕಮಾಗಾ ರಣರಂಗಕ್ಕೆ ಕಳಿಸಬೇಕಾಯಿತು. ಟೆನೆಸಿಯ ನಾಕ್ಸ್‌ವಿಲ್ ಕೈಬಿಟ್ಟಿದ್ದರಿಂದ 540 ಮೈಲಿಯ ನೇರ ದಾರಿ ಮುಚ್ಚಿತ್ತು. ಕ್ಯಾರೊಲಿನಾಗಳನ್ನು ಬಳಸಿ, ಅಗಸ್ಟಾ, ಅಟ್ಲಾಂಟಾ ಮೂಲಕ, ಹದಿನಾರು ಕಂಪನಿಗಳ ಹಳಿ ಹಿಡಿದು ಹೋಗಬೇಕಿತ್ತು. ಸಿಮ್ಸ್ ಸಿಕ್ಕಿದ ಬೋಗಿಗಳನ್ನೆಲ್ಲ ಬಾಚಿ ತಂದ. ಸೈನಿಕರು ಸೆಕೆ ತಾಳದೆ ಬೋಗಿಗಳ ಹಲಗೆ ಒಡೆದು ಕಿಂಡಿ ಮಾಡಿಕೊಂಡರು. ಮಾಡಿನ ಮೇಲೂ ಕುಳಿತರು. ಕದನದ ಹೊತ್ತಿಗೆ ತಲುಪಿದ್ದು ಅರ್ಧದಷ್ಟು ಜನ. ಅವರಿಂದಲೇ ಸೆಪ್ಟೆಂಬರ್ 20ರ ಗೆಲುವು ಸಾಧ್ಯವಾಯಿತು. ಫಿರಂಗಿಗಳು ಬಂದು ಸೇರುವಷ್ಟರಲ್ಲಿ ಕದನ ಮುಗಿದಿತ್ತು. ಇದಕ್ಕೆ ಉತ್ತರವಾಗಿ ವಾಷಿಂಗ್ಟನ್ ಅದೇ ತಿಂಗಳು 20,000ಕ್ಕೂ ಹೆಚ್ಚು ಜನರನ್ನು ಸುಮಾರು 1,200 ಮೈಲಿ ದೂರ, ಎರಡು ವಾರದೊಳಗೆ ಸಾಗಿಸಿತು.

ರೈಲಿನ ಗದ್ದಲದಲ್ಲಿ ಎಲ್ಲರೂ ಮರೆಯುವುದು ಕಾಲುವೆಯನ್ನು. ರಿಚ್ಮಂಡಿನಿಂದ ಪಶ್ಚಿಮಕ್ಕೆ, ಜೇಮ್ಸ್ ನದಿಯ ದಡದಲ್ಲೇ, ಲಿಂಚ್‌ಬರ್ಗ್ ದಾಟಿ ಬೆಟ್ಟದ ಸೀಮೆಯ ಬುಕ್ಯಾನನ್ ಎಂಬಲ್ಲಿಯವರೆಗೆ 197 ಮೈಲಿ ಉದ್ದದ ಜೇಮ್ಸ್ ರಿವರ್ ಮತ್ತು ಕನಾವಾ ಕಾಲುವೆಯಿತ್ತು. ಅಪಲೇಶಿಯನ್ ಬೆಟ್ಟ ದಾಟಿಸಿ ಓಹಿಯೋ ನದಿಗೆ ಮುಟ್ಟಿಸುವ ಕನಸಿನಿಂದ ಆರಂಭವಾದದ್ದು. 1785ರಲ್ಲಿ ಇದರ ಮೂಲ ಕಂಪನಿ ಹುಟ್ಟಿದಾಗ ಜಾರ್ಜ್ ವಾಷಿಂಗ್ಟನ್ ಗೌರವ ಅಧ್ಯಕ್ಷ. 1840ಕ್ಕೆ ಲಿಂಚ್‌ಬರ್ಗ್, 1851ಕ್ಕೆ ಬುಕ್ಯಾನನ್ ಮುಟ್ಟಿ ಅಲ್ಲೇ ನಿಂತಿತು. ಅಗೆದವರು ಐರ್ಲೆಂಡಿನಿಂದ ಬಂದ ಕೂಲಿಗಳು ಮತ್ತು ಗುಲಾಮರು. ದಡದ ಕಾಲುದಾರಿಯಲ್ಲಿ ಹೇಸರಗತ್ತೆ, ಕುದುರೆಗಳು ಹಗ್ಗ ಕಟ್ಟಿ ದೋಣಿ ಎಳೆಯುತ್ತಿದ್ದವು. ಎತ್ತರ ಬದಲಾಗುವಲ್ಲಿ ಲಾಕುಗಳು: ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ, ದೋಣಿ ಒಳಬಂದ ಮೇಲೆ ನೀರು ತುಂಬಿದರೆ ಅದು ಮೇಲೇರುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ದೋಣಿ ನಡೆಸುವವರಲ್ಲಿ ಬಹಳಷ್ಟು ಮಂದಿ ಕಪ್ಪು ಜನ, ಗುಲಾಮರೂ ಉಂಟು, ಬಿಡುಗಡೆ ಪಡೆದವರೂ ಉಂಟು.

ರೈಲು ಬಂದ ಮೇಲೆ ಕಾಲುವೆಗಳ ಕಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದ ಹೊತ್ತು ಅದು. ಯುದ್ಧ ಆ ಮಾತನ್ನು ತಿರುವಿ ಹಾಕಿತು. ಕಾಲುವೆಗೆ ಕಂಬಿ ಬೇಡ, ಬಾಯ್ಲರ್ ಬೇಡ, ಆಕ್ಸಲ್ ಬೇಡ. ಒಂದೇ ಕಂಪನಿ, ಅದರಲ್ಲಿ ದೊಡ್ಡ ಷೇರುದಾರ ವರ್ಜೀನಿಯಾ ರಾಜ್ಯವೇ. ಬೆಟ್ಟದ ಬುಡದಲ್ಲಿ ಹೇರಿದ ಸರಕು ಮಧ್ಯೆ ಎಲ್ಲೂ ಇಳಿಯದೆ ರಾಜಧಾನಿಯ ಕಟ್ಟೆಗೇ ಬಂದು ನಿಲ್ಲುತ್ತಿತ್ತು. ಒಂದೊಂದು ದೋಣಿಗೆ ಹಲವು ರೈಲು ಬೋಗಿಗಳ ಸರಕು ಹಿಡಿಯುತ್ತಿತ್ತು. ಗೋಧಿ, ಜೋಳ, ಹುಲ್ಲು, ಸೌದೆ ಬರುತ್ತಿದ್ದದ್ದು ಇದರಲ್ಲೇ. ಎಲ್ಲಕ್ಕಿಂತ ಮುಖ್ಯವಾದದ್ದು ಬೀಡು ಕಬ್ಬಿಣ. ಬಾಟೆಟಾರ್ಟ್ ಸೀಮೆಯ ಕುಲುಮೆಗಳಲ್ಲಿ ಕರಗಿಸಿದ ಕಬ್ಬಿಣದ ಗಟ್ಟಿಗಳನ್ನು ಟ್ರೆಡೆಗರ್‌ನ ಒಡೆಯ ಜೋಸೆಫ್ ಆಂಡರ್ಸನ್ ತನ್ನದೇ ದೋಣಿಗಳಲ್ಲಿ ತರಿಸುತ್ತಿದ್ದ. ಕಾರ್ಖಾನೆ ನಿಂತದ್ದೂ ಕಾಲುವೆಯ ದಡದಲ್ಲೇ. ಯಂತ್ರಗಳನ್ನು ತಿರುಗಿಸುತ್ತಿದ್ದದ್ದೂ ಅದೇ ನೀರು. ಫಿರಂಗಿಯ ಕಬ್ಬಿಣ ಹೇಸರಗತ್ತೆಯ ನಡಿಗೆಯಲ್ಲಿ ಬಂತು. 1863ರ ಮೇನಲ್ಲಿ ಸ್ಟೋನ್‌ವಾಲ್ ಜಾಕ್ಸನ್ನನ ಶವವನ್ನು ಲಿಂಚ್‌ಬರ್ಗಿನಿಂದ ಲೆಕ್ಸಿಂಗ್ಟನ್ನಿಗೆ ಒಯ್ದದ್ದೂ ‘ಮಾರ್ಷಲ್’ ಎಂಬ ಕಾಲುವೆ ದೋಣಿಯೇ.

ಕಾಲುವೆಗೂ ಮಿತಿಗಳಿದ್ದವು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು. ನದಿ ಉಕ್ಕಿದರೆ ದಂಡೆ ಒಡೆಯುತ್ತಿತ್ತು. ದುರಸ್ತಿಗೆ ಆಳು ಸಾಲದು. ಹೇಸರಗತ್ತೆಗಳನ್ನು ಸೈನ್ಯ ಎಳೆದೊಯ್ಯುತ್ತಿತ್ತು. ಮೇಲಾಗಿ ಅದು ಹೋಗುತ್ತಿದ್ದದ್ದು ಪಶ್ಚಿಮಕ್ಕೆ. ಜಾರ್ಜಿಯಾದ ಜೋಳವನ್ನು ತರುವುದು ಅದರ ಕೈಲಾಗದ ಕೆಲಸ.

ಜಾರ್ಜಿಯಾದಲ್ಲೇ ಇದ್ದ ಇನ್ನೊಂದು ಕಾಲುವೆ ಬೇರೆಯದೇ ಪಾಠ ಹೇಳುತ್ತದೆ. ಅಗಸ್ಟಾ ಕಾಲುವೆ 1840ರ ದಶಕದಲ್ಲಿ ಗಿರಣಿಗಳಿಗೆ ನೀರಿನ ಬಲ ಕೊಡಲೆಂದು ತೋಡಿದ್ದು. 1861ರಲ್ಲಿ ಮದ್ದಿನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದ ಕರ್ನಲ್ ಜಾರ್ಜ್ ವಾಷಿಂಗ್ಟನ್ ರೇನ್ಸ್ ಇದರ ದಡವನ್ನೇ ಆರಿಸಿದ. ಊರಿಗೆ ರೈಲುಂಟು, ಕಡಲು ದೂರ, ಶತ್ರು ಇನ್ನೂ ದೂರ. ಕಟ್ಟಡಗಳನ್ನು ಕಾಲುವೆಯ ಉದ್ದಕ್ಕೆ ಎರಡು ಮೈಲಿ ಬಿಡಿಬಿಡಿಯಾಗಿ ಕಟ್ಟಿಸಿದ. ಒಂದು ಸಿಡಿದರೆ ಇನ್ನೊಂದು ಉಳಿಯಲಿ ಎಂದು. ಪೆಟ್ಲುಪ್ಪು ಮೊದಲ ಕಟ್ಟಡಕ್ಕೆ ಬಂದರೆ, ಅಲ್ಲಿಂದ ಪ್ರತಿ ಹಂತಕ್ಕೂ ದೋಣಿಯಲ್ಲಿ ಮುಂದಕ್ಕೆ ಸಾಗುತ್ತ ಕೊನೆಯ ಕಟ್ಟಡದಲ್ಲಿ ಮದ್ದಾಗಿ ಹೊರಬರುತ್ತಿತ್ತು. ಕಿಡಿ ಹಾರುವ ಎಂಜಿನ್ನಿಗಿಂತ ಮದ್ದಿಗೆ ನೀರಿನ ದಾರಿಯೇ ಕ್ಷೇಮ. 1862ರ ಏಪ್ರಿಲ್‌ನಿಂದ ಯುದ್ಧದ ಕೊನೆಯವರೆಗೆ ಇಲ್ಲಿ ತಯಾರಾದದ್ದು ಸುಮಾರು 27.5 ಲಕ್ಷ ಪೌಂಡ್ ಮದ್ದು. ದಕ್ಷಿಣದ ಸೈನ್ಯಕ್ಕೆ ಊಟದ ಕೊರತೆ ಬಂದಷ್ಟು ಮದ್ದಿನ ಕೊರತೆ ಬರಲಿಲ್ಲ. ಒಬ್ಬನೇ ಮುಖ್ಯಸ್ಥ, ಅವನ ಮಾತಿಗೆ ಬೆಲೆ, ಇಡೀ ಸಾಗಾಟ ಅವನ ಕಣ್ಣೆದುರೇ ಎಂದಾಗ ಅದೇ ಸರ್ಕಾರ, ಅದೇ ಜನ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಬಲ್ಲರು ಎಂಬುದಕ್ಕೆ ಅಗಸ್ಟಾ ಸಾಕ್ಷಿ. ಆ ಕಾರ್ಖಾನೆಯ ಎತ್ತರದ ಚಿಮಣಿ ಇವತ್ತಿಗೂ ಕಾಲುವೆಯ ಪಕ್ಕ ನಿಂತಿದೆ.

ಕರಾವಳಿಯ ಡಿಸ್ಮಲ್ ಸ್ವಾಂಪ್ ಕಾಲುವೆ ಮಾತ್ರ ಬೇಗನೆ ಕೈತಪ್ಪಿತು. ನಾರ್ಫೋಕ್ ಬಂದರನ್ನು ನಾರ್ತ್ ಕ್ಯಾರೊಲಿನಾದ ಒಳಕಡಲಿಗೆ ಕೂಡಿಸುತ್ತಿದ್ದ ಅದರ ಲಾಕುಗಳನ್ನು ಸ್ಫೋಟಿಸಲೆಂದೇ ಉತ್ತರದ ಪಡೆ 1862ರ ಏಪ್ರಿಲ್ 19ರಂದು ಸೌತ್ ಮಿಲ್ಸ್‌ಗೆ ಬಂದಿತ್ತು. ಅಂದು ಲಾಕುಗಳು ಉಳಿದವು. ಮುಂದಿನ ತಿಂಗಳು ನಾರ್ಫೋಕ್ ಉಳಿಯಲಿಲ್ಲ.

1864ರ ಹೊತ್ತಿಗೆ ಯುದ್ಧವೆಲ್ಲ ಹಳಿಗಳ ಸುತ್ತಲೇ. ಉತ್ತರದ ಸೇನಾಪತಿ ಗ್ರಾಂಟ್ ಪೀಟರ್ಸ್‌ಬರ್ಗನ್ನು ಮುತ್ತಿಗೆ ಹಾಕಿ ಅದಕ್ಕೆ ಬರುವ ಹಾದಿಗಳನ್ನು ಒಂದೊಂದಾಗಿ ಕಡಿದ. ಆಗಸ್ಟಿನಲ್ಲಿ ವೆಲ್ಡನ್ ಹಾದಿ ಹೋಯಿತು. ಆಮೇಲೆ ಸ್ಟೋನಿ ಕ್ರೀಕ್ ನಿಲ್ದಾಣದಲ್ಲಿ ಸರಕು ಇಳಿಸಿ, ಬಂಡಿಗಳಲ್ಲಿ ಸುತ್ತುದಾರಿ ಹಿಡಿದು ಊರೊಳಗೆ ತರುತ್ತಿದ್ದರು. 1865ರ ಮಾರ್ಚಿನಲ್ಲಿ ಉತ್ತರದ ಶೆರಿಡನ್ನನ ಕುದುರೆಪಡೆ ಜೇಮ್ಸ್ ಕಾಲುವೆಯ ದಂಡೆ ಹಿಡಿದು ಬಂದು ಸ್ಕಾಟ್ಸ್‌ವಿಲ್‌ನಿಂದ ಕೆಳಕ್ಕೆ ಲಾಕುಗಳನ್ನೂ ದೋಣಿಗಳನ್ನೂ ಹಾಳು ಮಾಡಿತು. ಅದಕ್ಕೆ ಕೆಲವೇ ದಿನ ಮೊದಲು, ಫೆಬ್ರವರಿ 28ರಂದು, ಕಾನ್ಫೆಡರಸಿಯ ಸಂಸತ್ತು ರೈಲುಗಳನ್ನೂ ಕಾಲುವೆಗಳನ್ನೂ ನಡೆಸುವವರನ್ನು ಕೊನೆಗೂ ಸೈನ್ಯದ ಆಜ್ಞೆಯಡಿ ತರುವ ಕಾಯ್ದೆ ಮಾಡಿತು. ಆಗ ಆಜ್ಞೆ ಮಾಡಲು ಉಳಿದಿದ್ದ ಹಳಿಯೇ ಅಷ್ಟಿಷ್ಟು.

ಏಪ್ರಿಲ್ 2ರ ರಾತ್ರಿ ಡೇವಿಸ್ ಮತ್ತು ಅವನ ಮಂತ್ರಿಗಳು ರಿಚ್ಮಂಡ್ ಬಿಟ್ಟು ಡ್ಯಾನ್ವಿಲ್ ರೈಲು ಹತ್ತಿದರು. ಕೆಲವು ದಿನಗಳ ಬಳಿಕ ಅಲ್ಲಿಂದ ಗ್ರೀನ್ಸ್‌ಬರೋಗೆ ಓಡಿದ್ದು ಎರಡು ವರ್ಷ ಎಳೆದಾಡಿ ಕಟ್ಟಿದ ಆ 48 ಮೈಲಿಯ ಮೇಲೆಯೇ. ಲೀಯ ಹಸಿದ ಸೈನ್ಯ 4ರಂದು ಅಮಿಲಿಯಾ ಕೋರ್ಟ್‌ಹೌಸ್ ಮುಟ್ಟಿತು. ಅಲ್ಲಿ ರೈಲಿನಲ್ಲಿ ರೇಷನ್ ಕಾಯುತ್ತಿರುತ್ತದೆಂಬ ನಂಬಿಕೆ ಇತ್ತು, ಸಿಕ್ಕಿದ್ದು ಮದ್ದುಗುಂಡು. 8ರಂದು ಲಿಂಚ್‌ಬರ್ಗಿನಿಂದ ಬಂದು ಅಪೊಮ್ಯಾಟಾಕ್ಸ್ ನಿಲ್ದಾಣದಲ್ಲಿ ನಿಂತಿದ್ದ ಆಹಾರದ ರೈಲುಗಳನ್ನು ಉತ್ತರದ ಕಸ್ಟರ್‌ನ ಸವಾರರು ಲೀಗಿಂತ ಮೊದಲೇ ಹಿಡಿದರು. ಮರುದಿನ ಲೀ ಶರಣಾದ.

ವಾಡ್ಲಿ 1866ರಲ್ಲಿ ಜಾರ್ಜಿಯಾದ ಸೆಂಟ್ರಲ್ ರೈಲ್‌ರೋಡಿನ ಅಧ್ಯಕ್ಷನಾಗಿ, ಉತ್ತರದ ಸೇನಾಪತಿ ಶರ್ಮನ್ ಯುದ್ಧದಲ್ಲಿ ಕಿತ್ತು ತಿರುಚಿದ್ದ ಹಾದಿಯನ್ನು ಮತ್ತೆ ಕಟ್ಟಿದ. ಜೇಮ್ಸ್ ಕಾಲುವೆ 1880ರಲ್ಲಿ ಒಂದು ರೈಲು ಕಂಪನಿಗೆ ಮಾರಾಟವಾಯಿತು; ಹೇಸರಗತ್ತೆಗಳು ನಡೆದ ಕಾಲುದಾರಿಯ ಮೇಲೆಯೇ ಹಳಿ ಬಿತ್ತು. ಗೇಜಿನ ಜಗಳ ಮುಗಿದದ್ದು 1886ರಲ್ಲಿ. ಆ ಫೆಬ್ರವರಿಯಲ್ಲಿ ದಕ್ಷಿಣದ ಕಂಪನಿಗಳು ಅಟ್ಲಾಂಟಾದಲ್ಲಿ ತಾವಾಗಿಯೇ ಸಭೆ ಸೇರಿ, ಉತ್ತರದೊಡನೆ ವ್ಯಾಪಾರ ಬೇಕಾದರೆ ಅಗಲ ಬದಲಿಸಲೇಬೇಕೆಂದು ಒಪ್ಪಿಕೊಂಡವು. ಮೇ 31 ಮತ್ತು ಜೂನ್ 1, ಎರಡು ದಿನ ರೈಲು ನಿಲ್ಲಿಸಿ, ಸಾವಿರಾರು ಕೂಲಿಗಳು ಮೊಳೆ ಕಿತ್ತು, ಒಂದು ಬದಿಯ ಕಂಬಿಯನ್ನು ಮೂರು ಇಂಚು ಒಳಕ್ಕೆ ಸರಿಸಿ, ಮತ್ತೆ ಮೊಳೆ ಹೊಡೆದರು. ಬದಲಾದ ಹಾದಿಯ ಉದ್ದ 11,000 ಮೈಲಿಗೂ ಹೆಚ್ಚು.